ಕೆಂಚಜ್ಜಿ ಎಡಕ್ಕೆ ಸರಿದ ಕಥೆ

ಎಡವನ್ನೂ ಬಲವನ್ನೂ ಮಾಡಿದ ಸ್ವಾಮಿಗೆ, ನಡೆಯುವವರ ಜೊತೆಗೆ ತಾನೂ ನಡೆಯುವ ಕರುಣಾಳುವಿಗೆ ಮೊದಲ ನಮಸ್ಕಾರ. ಕೈ ಮುಗಿದಿರಾ ಮಕ್ಕಳೇ? ಇನ್ನು ಕೇಳಿ.

ಆಗ ಲೋಕ ಹೊಚ್ಚ ಹೊಸದು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ನದಿಗೆ ತನ್ನ ತಿರುವುಗಳೇ ಬಾಯಿಪಾಠವಾಗಿರಲಿಲ್ಲ. ಲೋಕಕ್ಕೆಲ್ಲ ಇದ್ದದ್ದು ಒಂದೇ ದಾರಿ. ಬೆಟ್ಟದ ಈಚೆಯ ಊರಿನಿಂದ ಆಚೆಯ ಊರಿಗೆ, ಬಿದಿರು ಮೆಳೆಗಳ ನಡುವೆ ಅದು ಹಾದುಹೋಗಿತ್ತು. ಅದರಲ್ಲಿ ಯಾರು ಯಾವ ಕಡೆ ಹೋಗಬೇಕೆಂದು ಸ್ವಾಮಿ ಹೇಳಿರಲಿಲ್ಲ. ಮಕ್ಕಳು ತಾವೇ ಕಂಡುಕೊಳ್ಳಲಿ ಎಂದು ಸುಮ್ಮನಿದ್ದ.

ಈಚೆಯ ಊರಿನಲ್ಲಿ ಕೆಂಚಜ್ಜಿ ಎಂಬ ಸೂಲಗಿತ್ತಿ ಇದ್ದಳು. ಆ ಹೊಸ ಲೋಕದಲ್ಲಿ ಹೆರಿಗೆ ಮಾಡಿಸಬಲ್ಲವಳು ಅವಳೊಬ್ಬಳೇ. ಒಂದು ಬೆಳಿಗ್ಗೆ ಗಾಳಿ ಓಡೋಡಿ ಬಂದು ಅವಳ ಬಾಗಿಲು ಬಡಿಯಿತು.

"ಅಜ್ಜೀ, ಆಚೆ ಊರಲ್ಲಿ ನಿನ್ನ ಮಗಳು ನಾಗಿಗೆ ನೋವು ಶುರುವಾಗಿದೆ. ಚೊಚ್ಚಲು ಬೇರೆ. ಬೇಗ ಹೊರಡು."

ಅಜ್ಜಿಗೆ ಮೊಣಕಾಲು ನೋವು, ಬೆಟ್ಟ ಹತ್ತಲಾಗದು. ಹರಳೆಣ್ಣೆ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಬೆಳ್ಳ ಎಂಬ ಎತ್ತನ್ನು ಗಾಡಿಗೆ ಹೂಡಿ ಹೊರಟೇಬಿಟ್ಟಳು.

ಅರ್ಧ ದಾರಿಯಲ್ಲಿ ಕುಂಬಾರ ಬೀರಣ್ಣನ ಕೋಣದ ಗಾಡಿ ಎದುರಾಯಿತು. ಗಾಡಿ ತುಂಬ ಮಡಕೆ. ಅಲ್ಲಿ ದಾರಿಯ ಒಂದು ಮಗ್ಗುಲಿಗೆ ಬಂಡೆ, ಇನ್ನೊಂದಕ್ಕೆ ಬಿದಿರು. ಅಜ್ಜಿ ಬಂಡೆಯ ಕಡೆಗೆ ಹೊರಳಿಸಿದಳು. ದಾರಿ ಬಿಡೋಣವೆಂದು ಬೀರಣ್ಣನೂ ಬಂಡೆಯ ಕಡೆಗೇ ಹೊರಳಿಸಿದ. ಅಜ್ಜಿ ಬಿದಿರಿನ ಕಡೆಗೆ ತಿರುಗಿದಳು. ಬೀರಣ್ಣನೂ ಬಿದಿರಿನ ಕಡೆಗೇ ತಿರುಗಿದ. ಮತ್ತೆ ಬಂಡೆ, ಮತ್ತೆ ಬಿದಿರು.

"ಏನು ಬೆಳ್ಳಣ್ಣ, ಇವತ್ತು ನಮ್ಮನ್ನ ಕುಣಿಸೋಕೆ ಹೂಡಿದ್ದಾರಾ?" ಎಂದಿತು ಕೋಣ.

"ಕುಣಿಸಲಿ. ಮೊದಲು ಹುಲ್ಲು ಹಾಕಲಿ," ಎಂದಿತು ಎತ್ತು.

ಬೀರಣ್ಣ ಬೆವರು ಒರೆಸಿಕೊಂಡ. "ಅಜ್ಜೀ, ನಾನು ಹೋದ ಕಡೆಗೇ ನೀನೂ ಬರ್ತೀಯಲ್ಲ."

"ಅಯ್ಯೋ, ನಾನು ಹೋದ ಕಡೆಗೆ ನೀನು ಬರ್ತಿರೋದು. ಅಲ್ಲಿ ನನ್ನ ಮಗಳು ನೋವು ತಿಂತಿದಾಳೆ ಕಣಪ್ಪ."

"ಹಾಗಾದ್ರೆ ನಾನು ನಿಂತೇಬಿಡ್ತೀನಿ, ನೀನು ಹೋಗು," ಎಂದು ಬೀರಣ್ಣ ನಿಂತ. ನಿಂತದ್ದು ನಟ್ಟನಡುವೆ.

"ಅಜ್ಜೀ, ನೋವು ಜೋರಾಗ್ತಿದೆ," ಎಂದು ಗಾಳಿ ಮತ್ತೊಮ್ಮೆ ಬಂದು ಹೇಳಿತು.

ಕೆಂಚಜ್ಜಿಯ ಕಣ್ಣು ತುಂಬಿತು. ದಾರಿಯ ಮಗ್ಗುಲಲ್ಲಿ, ಬಿಲ್ವದ ಮರದ ಕೆಳಗೆ, ಹಿರಿಯರು ನೆಟ್ಟ ದೇವರ ಕಲ್ಲಿತ್ತು. ಕೈಲಾಗದಾಗ ಕೈ ಮುಗಿ ಎನ್ನುತ್ತಾರಲ್ಲ, ಹಾಗೆ ಗಾಡಿಯಿಂದಿಳಿದು ಕಲ್ಲಿಗೆ ಪ್ರದಕ್ಷಿಣೆ ಬರತೊಡಗಿದಳು. ಅದನ್ನು ಕಂಡು ಬೀರಣ್ಣನೂ ಇಳಿದು, ಆ ಬದಿಯಿಂದ ಬಂದು ಸುತ್ತತೊಡಗಿದ. ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಒಬ್ಬರಿಗೊಬ್ಬರು ಅಡ್ಡ ಬರಲೇ ಇಲ್ಲ.

ಅಜ್ಜಿ ತಟ್ಟನೆ ನಿಂತಳು. "ಬೀರಾ, ಇಲ್ಲಿ ನಾವು ಯಾಕೆ ಡಿಕ್ಕಿ ಹೊಡೀಲಿಲ್ಲ?"

"ಇಬ್ಬರೂ ಸ್ವಾಮಿನ ಬಲಗಡೆಗೆ ಇಟ್ಕೊಂಡು ನಡೀತೀವಲ್ಲ ಅಜ್ಜಿ. ಅಷ್ಟೂ ಗೊತ್ತಿಲ್ವಾ?"

"ಸ್ವಾಮಿ ಆ ಕಲ್ಲಲ್ಲಿ ಮಾತ್ರ ಇದಾನಾ? ಎದುರು ಬಂದ ನಿನ್ನಲ್ಲಿ ಇಲ್ವಾ?"

ಬೀರಣ್ಣ ಮುಖ ಮುಟ್ಟಿ ನೋಡಿಕೊಂಡ. "ಈ ಮಣ್ಣು ಮೆತ್ತಿದ ಮೋರೆಯಲ್ಲಿ ಇದಾನಾ?"

"ಅಲ್ಲೇ. ಗಾಡಿ ಹತ್ತು. ನೀನು ನನ್ನ ಬಲಕ್ಕಿರು, ನಾನು ನಿನ್ನ ಬಲಕ್ಕಿರ್ತೀನಿ."

ಇಬ್ಬರೂ ಅವರವರ ಎಡಕ್ಕೆ ಸರಿದರು. ಎದುರಿಗಿದ್ದವರು ಬಲಗಡೆಗೆ ಬಂದರು. ಗಾಡಿಗೆ ಗಾಡಿ ಸೋಕಲಿಲ್ಲ, ಒಂದು ಮಡಕೆಯೂ ಒಡೆಯಲಿಲ್ಲ. ಹಾದುಹೋಗುವಾಗ ಅಜ್ಜಿ ಬೀರಣ್ಣನಿಗೆ ಕೈ ಮುಗಿದಳು, ಬೀರಣ್ಣ ಅಜ್ಜಿಗೆ ಮುಗಿದ. ಕೋಣವೂ ಎತ್ತೂ ತಲೆಯಾಡಿಸಿದವು.

ಅಜ್ಜಿ ನಾಗಿಯ ತಲೆ ಸವರಿ ಎಣ್ಣೆ ಕುಡಿಕೆ ಬಿಚ್ಚುವುದಕ್ಕೂ ಮಗು ಹೊರಬರುವುದಕ್ಕೂ ಸರಿಹೋಯಿತು. ಹೆಣ್ಣು ಮಗು. ಅದರ ಅಳು ಕೇಳಿ ನದಿ ನಕ್ಕಿತು.

ಗಾಳಿಗೆ ಹಿಗ್ಗೋ ಹಿಗ್ಗು. "ಎದುರು ಬಂದವರನ್ನು ಬಲಗಡೆ, ದೇವರ ಜಾಗದಲ್ಲಿ ಹಾಯಲು ಬಿಡಿ," ಎಂದು ಊರೂರಿಗೆ ಸಾರಿತು. ಕೆಲವು ದ್ವೀಪಗಳಿಗೂ ಸರಿಯಾಗಿಯೇ ಮುಟ್ಟಿಸಿತು. ಆಮೇಲೆ ದೊಡ್ಡ ಕಡಲುಗಳನ್ನು ದಾಟುತ್ತ ಅಲೆಗಳ ಜೊತೆ ಆಡುತ್ತ ಆಡುತ್ತ ಯಾವ ಕೈ ಎಂಬುದನ್ನೇ ಮರೆತುಬಿಟ್ಟಿತು.

"ದೇವರ ಜಾಗ ಅಂದ್ಯಲ್ಲ, ಅದು ಯಾವ ಕಡೆ?" ಎಂದು ಆ ಕಡಲಾಚೆಯ ಜನ ಕೇಳಿದರು.

ಗಾಳಿ ತಡಬಡಾಯಿಸಿತು. ಅಷ್ಟರಲ್ಲಿ ಒಬ್ಬ ತಾಯಿ ಎದೆ ಮುಟ್ಟಿಕೊಂಡು, "ಇಲ್ಲಿ ಬಡಿದುಕೊಳ್ತಿದಾನಲ್ಲ, ಎಡಗಡೆ," ಎಂದಳು. ಅಲ್ಲಿನವರು ಎದುರು ಬಂದವರನ್ನು ಎದೆಯ ಕಡೆಗೆ ಬಿಟ್ಟು, ತಾವು ಬಲಕ್ಕೆ ಸರಿದರು.

ಗಾಳಿ ಅಳುತ್ತ ಸ್ವಾಮಿಯ ಬಳಿ ಬಂದು ತಪ್ಪೊಪ್ಪಿಕೊಂಡಿತು. ಸ್ವಾಮಿ ನಕ್ಕ. "ನಾನು ಎರಡೂ ಕಡೆ ಇದ್ದೇನಲ್ಲೋ ಹುಚ್ಚಪ್ಪ."

ಅದಕ್ಕೇ ಮಕ್ಕಳೇ, ಇವತ್ತಿಗೂ ನಮ್ಮ ಬಸ್ಸು ಎಡಗಡೆಯಲ್ಲಿ ಹೋಗುತ್ತದೆ, ಎದುರಿನ ಲಾರಿ ನಮ್ಮ ಬಲಕ್ಕೆ ಹಾಯುತ್ತದೆ. ಎಷ್ಟೋ ದೇಶಗಳಲ್ಲಿ ಅದೇ ಲಾರಿ ಎದೆಯ ಪಕ್ಕದಲ್ಲಿ ಹಾಯುತ್ತದೆ. ಯಾವ ಕೈ ಸರಿಯೆಂದು ಇನ್ನೂ ತಿಳಿಯದ ಗಾಳಿ ದಾರಿ ನಡುವೆ ದೂಳೆಬ್ಬಿಸಿಕೊಂಡು ಗಿರಗಿರನೆ ಸುತ್ತುತ್ತದೆ.

ಕೇಳಿದ ನಿಮ್ಮೆಲ್ಲರ ದಾರಿ ಸುಗಮವಾಗಲಿ. ಹೊರಟವರೆಲ್ಲ ಹೊತ್ತಿಗೆ ಸರಿಯಾಗಿ ತಲುಪಲಿ. ಎದುರು ಬರುವವರಲ್ಲೆಲ್ಲ ಸ್ವಾಮಿ ನಿಮಗೆ ಕಾಣಲಿ.