ನೀರುನಾಯಿಯ ಜಾಗದಲ್ಲಿ ಅಧ್ಯಕ್ಷರು

ಕೆರೆ ಉಳಿಸುವ ಪ್ರಚಾರಕ್ಕೆಂದು ಪುರಸಭೆಯ ಗುಮಾಸ್ತ ಮೈಲಾರಪ್ಪ ಊರಿನ ನಲವತ್ತು ಗೋಡೆಗಳ ಮೇಲೆ ನೀರುನಾಯಿಯ ಚಿತ್ರ ಬರೆಸಿದ್ದ. ಊರಿಗೆಲ್ಲ ಅದು ಹಿಡಿಸಿತು, ಅಧ್ಯಕ್ಷ ಬಸವಂತರಾಯರಿಗೆ ಹಿಡಿಸಲಿಲ್ಲ.

"ಅಧ್ಯಕ್ಷ ನಾನೋ, ಈ ಪ್ರಾಣಿಯೋ? ಎಲ್ಲಾ ಅಳಿಸಿ ನನ್ನ ಮುಖ ಬರೆಸ್ರೀ. ಆಗಲ್ಲ ಅಂದ್ರೆ ನಾಳೆಯೇ ನಿಮಗೆ ವರ್ಗ."

ಮೈಲಾರಪ್ಪ ಕೈಮುಗಿದ. "ಆಗಲಿ ಸಾಹೇಬ್ರೆ. ಮೊದಲು ಒಂದೇ ಕಡೆ ಬರೆಸ್ತೀನಿ. ತಾವು ನೋಡಿ ಒಪ್ಪಿದ್ರೆ ಉಳಿದದ್ದು."

ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಯಾರೂ ಮೂತ್ರ ಮಾಡದಿರಲೆಂದು ಉದ್ದಕ್ಕೂ ದೇವರ ಚಿತ್ರ ಬರೆಸಿದ್ದರು. ಗಣಪತಿಗೂ ಆಂಜನೇಯನಿಗೂ ನಡುವೆ ಮಾರುದ್ದ ಜಾಗ ಖಾಲಿ ಇತ್ತು. ಮೈಲಾರಪ್ಪ ಅಲ್ಲಿ ಅಧ್ಯಕ್ಷರ ಮುಖ ಬರೆಸಿದ. ದೇವರ ಸಾಲಿನಲ್ಲಿ ಜಾಗ ಸಿಕ್ಕಿತೆಂದು ಕೇಳಿ ರಾಯರು ಹಿಗ್ಗಿದರು.

ಮರುದಿನ ನೋಡಲು ಬಂದರೆ, ಅವರ ಮುಖದೆದುರೇ ಒಬ್ಬ ಆತುರದಲ್ಲಿ ನಿಂತಿದ್ದ.

"ಏಯ್! ಎಲ್ಲಿ ನಿಂತಿದ್ದೀಯ, ನೋಡ್ಕೊಂಡ್ಯೇನೋ?"

ಅವನು ತಿರುಗದೆಯೇ ಹೇಳಿದ: "ನೋಡ್ಕೊಂಡೇ ನಿಂತಿದ್ದೀನಣ್ಣ. ಇದು ದೇವರಲ್ಲ."

ಜೊತೆಗೆ ಬಂದಿದ್ದ ಮೈಲಾರಪ್ಪ ಮೆಲ್ಲಗೆ ಕೇಳಿದ: "ಆ ನಲವತ್ತು ಗೋಡೆ ಶುರು ಮಾಡಿಸಲೇ ಸಾಹೇಬ್ರೆ?"

"ಬೇಡ ಕಣ್ರೀ. ಪಾಪ, ಆ ಪ್ರಾಣಿ ಇರಲಿ. ಮೊದಲು ಇದನ್ನ ಅಳಿಸ್ರೀ."

"ಇಲ್ಲಿ ಯಾರನ್ನ ಬರೆಸಲಿ?"

ರಾಯರು ಆಗಲೇ ಕಾರಿನ ಬಾಗಿಲು ತೆಗೆದಿದ್ದರು. "ಯಾವುದಾದ್ರೂ ಉಗ್ರ ದೇವರನ್ನ ಬರೆಸ್ರೀ!"