ರವಿಕೆಯ ಬೆನ್ನು

"ಗುರುಗಳೇ, ತಪ್ಪನ್ನು ತಿದ್ದಿಯಾದ ಮೇಲೂ ನಾಚಿಕೆ ಏಕೆ ಉಳಿಯುತ್ತದೆ?" ಎಂದು ಶಿಷ್ಯ ಕೇಳಿದ.

ಯಾರ ತಪ್ಪು, ಏನು ತಪ್ಪು ಎಂದು ಗುರುಗಳು ವಿಚಾರಿಸಲಿಲ್ಲ. ಶಿಷ್ಯ ಕೆಲವು ದಿನಗಳಿಂದ ಪಂಕ್ತಿಯ ಕೊನೆಯಲ್ಲಿ ಒಬ್ಬನೇ ಕೂತು ಉಣ್ಣುವುದನ್ನು ಅವರು ಕಂಡಿದ್ದರು. ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ದಾವಣಗೆರೆಯಲ್ಲಿ ವಿರೂಪಾಕ್ಷ ಎಂಬ ವಿನ್ಯಾಸಕನಿದ್ದ. ಸೀರೆ, ರವಿಕೆಗಳನ್ನು ಮೊಬೈಲಿನಲ್ಲಿ ಮಾರುವ ಒಂದು ಆ್ಯಪನ್ನು ರೂಪಿಸುವುದು ಅವನ ಕೆಲಸ. ಯಾವ ಚಿತ್ರ ಎಲ್ಲಿರಬೇಕು, ಯಾವ ಗುಂಡಿ ಒತ್ತಿದರೆ ಏನು ತೆರೆಯಬೇಕು ಎಂಬುದನ್ನು ಅವನೇ ಗೊತ್ತುಮಾಡುತ್ತಿದ್ದ. ಅವನು ಕೆಟ್ಟವನಲ್ಲ. ಉಡುವವರನ್ನು ಕೇಳದೆ ಬಟ್ಟೆಯಂಗಡಿ ಕಟ್ಟಬಾರದು ಎಂದು ನಂಬಿದವನು. ಆದ್ದರಿಂದ ಜನ ತಮ್ಮ ಅಭಿಪ್ರಾಯ ಬರೆಯಲೆಂದು ಆ್ಯಪಿನಲ್ಲಿ ಒಂದು ಜಾಗ ಬಿಟ್ಟಿದ್ದ. ದಿನವೂ ನೂರಾರು ಮಾತುಗಳು ಬರುತ್ತಿದ್ದವು. ಚಿಕ್ಕವನ್ನು ಆಗಲೇ ಓದುತ್ತಿದ್ದ. ಉದ್ದವಾದವನ್ನು ಬಿಡುವಾದಾಗ ಓದೋಣ ಎಂದು ಬದಿಗಿಡುತ್ತಿದ್ದ. ಬಿಡುವು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಂದು ಚಿಕ್ಕ ಮಾತು ಬಂತು. "ಬೆಣ್ಣೆ ತೋರಿಸಿ. ಬೆಣ್ಣೆ ನೋಡದೆ ಹೇಗೆ ತಗೊಳ್ಳೋದು."

ವಿರೂಪಾಕ್ಷ ಅದನ್ನು ಗಟ್ಟಿಯಾಗಿ ಓದಿದ. ಕಚೇರಿಯೆಲ್ಲ ನಕ್ಕಿತು. "ನಮ್ಮನ್ನು ಬೆಣ್ಣೆದೋಸೆ ಹೋಟೆಲ್ ಅಂದುಕೊಂಡಿದ್ದಾರೆ" ಎಂದು ಒಬ್ಬ ಹೇಳಿದ. ಇನ್ನೊಬ್ಬಳು ಆ ಮಾತನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದಳು. ಅದಾದ ಮೇಲೆ ಯಾರಿಗೆ ಬೇಸರವಾದರೂ "ಬೆಣ್ಣೆ ತೋರಿಸ್ರಪ್ಪಾ" ಎನ್ನುವುದು ಅಲ್ಲಿಯ ವಾಡಿಕೆಯಾಯಿತು.

ಮುಂದಿನ ತಿಂಗಳು ವಿರೂಪಾಕ್ಷ ಆ್ಯಪ್ ಬಳಸುವ ಹನ್ನೆರಡು ಹೆಂಗಸರನ್ನು ಕಚೇರಿಗೆ ಕರೆಸಿದ. ಎದುರು ಕೂತು ಅವರ ಕಷ್ಟಸುಖ ಕೇಳಬೇಕು ಎಂಬುದು ಅವನ ಆಸೆ. ಬಂದವರಲ್ಲಿ ಕೆಂಚಮ್ಮ ಎಂಬಾಕೆ ಇದ್ದಳು. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿಯುವವಳು, ನಲವತ್ತೈದರ ಆಚೀಚೆ. ಎರಡೂ ಹೆಗಲು ಮುಚ್ಚುವಂತೆ ಸೆರಗು ಹೊದ್ದು ಕೂತಿದ್ದಳು. ಒಂದು ಚೀಟಿಯಲ್ಲಿ ಏನೋ ಬರೆದು ತಂದಿದ್ದಳು.

ಹೆಂಗಸರು ಸಂಕೋಚದಿಂದ ಸುಮ್ಮನೆ ಕೂತಿದ್ದರು. ಅವರ ಬಾಯಿ ಬಿಡಿಸಲು ವಿರೂಪಾಕ್ಷ ಹೇಳಿದ, "ಹೆದರಬೇಡಿ. ಏನು ಬೇಕಾದರೂ ಹೇಳಿ. ಒಬ್ಬರಂತೂ ನಮ್ಮ ಹತ್ತಿರ ಬೆಣ್ಣೆ ಕೇಳಿದ್ದಾರೆ."

ಹೀಗೆಂದು ಗೋಡೆಯ ಕಡೆ ಕೈ ತೋರಿಸಿ, ಆ ಮಾತನ್ನು ರಾಗವಾಗಿ ಓದಿದ. ಹೆಂಗಸರೆಲ್ಲ ನಕ್ಕರು. ಕೆಂಚಮ್ಮನೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಒಬ್ಬೊಬ್ಬರೇ ಮಾತಾಡಿದರು. ಬಣ್ಣ ಬೇರೆಯಾಗಿ ಬರುತ್ತದೆ ಎಂದು ಒಬ್ಬಳು, ಅಳತೆ ಹಾಕುವುದು ತಿಳಿಯುವುದಿಲ್ಲ ಎಂದು ಇನ್ನೊಬ್ಬಳು. ಕೆಂಚಮ್ಮನ ಸರದಿ ಬಂದಾಗ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಎಲ್ಲ ಚೆನ್ನಾಗೈತಿ ಸಾರ್" ಎಂದಳು.

ಅವಳ ಹೆಸರಿನ ಮುಂದೆ ವಿರೂಪಾಕ್ಷ 'ತೃಪ್ತಿ' ಎಂದು ಬರೆದುಕೊಂಡ.

ವಾರ ಕಳೆದು, ಸಭೆಗೆ ಬಂದವರು ಹಿಂದೆ ಏನೇನು ಬರೆದಿದ್ದರು ಎಂದು ನೋಡಲು ಕೂತ. ಕೆಂಚಮ್ಮನ ಫೋನ್ ನಂಬರ್ ಹಾಕಿದ. ಎರಡು ಮಾತುಗಳು ತೆರೆದುಕೊಂಡವು. ಒಂದು, ಗೋಡೆಯ ಮೇಲಿನ ಬೆಣ್ಣೆಯ ಮಾತು. ಇನ್ನೊಂದು ಅದಕ್ಕಿಂತ ಹತ್ತು ದಿನ ಹಿಂದಿನದು. ಉದ್ದವಾದದ್ದು. ಬದಿಗಿಟ್ಟದ್ದು.

ಅದರಲ್ಲಿ ಹೀಗೆ ಬರೆದಿತ್ತು. "ಸಾರ್, ಸಣ್ಣ ವಯಸ್ಸಿನಲ್ಲಿ ಭಟ್ಟಿಯ ಕಾದ ಮರಳು ಬಿದ್ದು ನನ್ನ ಬೆನ್ನು ಸುಟ್ಟಿದೆ. ಕಲೆ ಕುತ್ತಿಗೆವರೆಗೂ ಇದೆ. ಅಳತೆ ಕೊಡಲು ದರ್ಜಿಯ ಮುಂದೆ ನಿಲ್ಲೋಕೆ ಆಗಲ್ಲ. ಅದಕ್ಕೇ ನಿಮ್ಮಲ್ಲಿ ಹೊಲಿದ ರವಿಕೆ ನೋಡ್ತಾ ಇದ್ದೀನಿ. ಎಲ್ಲ ಮುಂದಿನಿಂದ ಮಾತ್ರ ತೋರಿಸ್ತೀರಿ. ಹಿಂದೆ ಎಷ್ಟು ಇಳಿದಿದೆ ಅಂತ ತೋರಿಸಿ. ಮಗಳ ಮದುವೆ ಇದೆ."

ಇದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಹತ್ತು ದಿನ ಕಾದು ಅವಳು ಚಿಕ್ಕದಾಗಿ ಬರೆದಿದ್ದಳು. ಬೆನ್ನು ತೋರಿಸಿ ಎಂದು ಬೆರಳಾಡಿಸಿದ್ದಳು. ಫೋನು ಅದನ್ನು ತಾನಾಗಿಯೇ ಬೆಣ್ಣೆ ಎಂದು ತಿದ್ದಿತ್ತು.

ವಿರೂಪಾಕ್ಷ ಗೋಡೆಯ ಹತ್ತಿರ ಹೋಗಿ ಆ ಹಾಳೆಯನ್ನು ಕಿತ್ತ. ಏಕೆ ಕಿತ್ತೆ ಎಂದು ಜೊತೆಯವರು ಕೇಳಿದರು. ಹಳೆಯದಾಯಿತು ಎಂದ. ಆಕೆ ನಕ್ಕ ನಗು ಕಣ್ಣಿನ ಮುಂದೆ ಬರುತ್ತಿತ್ತು. ಹನ್ನೊಂದು ಜನರ ನಡುವೆ ಅವಳೊಬ್ಬಳೇ ನಗದಿದ್ದರೆ ಆ ಮಾತು ಅವಳದೇ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅದಕ್ಕೇ ನಕ್ಕಿದ್ದಳು.

ಅವನು ಕೈಕಟ್ಟಿ ಕೂರಲಿಲ್ಲ. ಮೂರೇ ವಾರದಲ್ಲಿ ಪ್ರತಿ ರವಿಕೆಯ ಬೆನ್ನಿನ ಚಿತ್ರ ತೆಗೆಸಿದ. ಕುತ್ತಿಗೆಯಿಂದ ಎಷ್ಟು ಬೆರಳು ಇಳಿದಿದೆ ಎಂದು ಕೆಳಗೆ ಬರೆಸಿದ. ಬೆನ್ನು ತುಂಬ ಮುಚ್ಚುವ ರವಿಕೆಗಳನ್ನೇ ಬೇರೆಯಾಗಿ ಹುಡುಕುವ ಹಾದಿ ಮಾಡಿದ. ಎಷ್ಟೋ ಊರುಗಳ ಹೆಂಗಸರು ಇದರಿಂದ ಉಪಕಾರವಾಯಿತು ಎಂದು ಬರೆದರು. ಒಬ್ಬಳು, ಹದಿನೆಂಟು ವರ್ಷಗಳ ಮೇಲೆ ಮತ್ತೆ ಸೀರೆ ಉಟ್ಟೆ ಎಂದು ಬರೆದಳು.

ಕಂಪನಿಯ ಯಜಮಾನ ಎಲ್ಲರನ್ನೂ ಸೇರಿಸಿ ವಿರೂಪಾಕ್ಷನಿಗೆ ಶಾಲು ಹೊದಿಸಿದ. "ಯಾರಿಗೂ ಹೊಳೆಯದ್ದು ನಿನಗೆ ಹೇಗೆ ಹೊಳೆಯಿತು?" ಎಂದು ಕೇಳಿದ.

ನಿಜ ಹೇಳಲು ಅದೇ ಹೊತ್ತಾಗಿತ್ತು. ನಕ್ಕವರೆಲ್ಲ ಎದುರಿಗೇ ಇದ್ದರು.

"ಬಳಸುವವರ ಮಾತಿಗೆ ಕಿವಿಗೊಟ್ಟೆ" ಎಂದ ವಿರೂಪಾಕ್ಷ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕಿವಿಗಳು ಕಾದವು. ಶಾಲು ಹೆಗಲ ಮೇಲೆ ನಿಲ್ಲದೆ ಜಾರುತ್ತಿತ್ತು.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಒಂದು ಭಾನುವಾರ ವಿಳಾಸ ಹಿಡಿದು ಕೆಂಚಮ್ಮನ ಮನೆಗೆ ಹೋದ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡ. 'ಅಮ್ಮಾ, ನಿಮ್ಮ ಮಾತನ್ನು ನಿಮ್ಮ ಮುಂದೆಯೇ ನಗೆಪಾಟಲು ಮಾಡಿದೆ, ನನ್ನನ್ನು ಕ್ಷಮಿಸಿ.' ಹತ್ತಾರು ಸಲ ಹೇಳಿಕೊಂಡಾಗ ಅದು ಬಾಯಿಗೆ ಸಲೀಸಾಗಿ ಬಂದಿತ್ತು.

ಕೆಂಚಮ್ಮ ಗುರುತು ಹಿಡಿದಳು. ಚಾಪೆ ಹಾಸಿದಳು. ತಟ್ಟೆಯ ತುಂಬ ಮಂಡಕ್ಕಿ ಕಲಸಿ ತಂದಿಟ್ಟಳು. ಮಗಳ ಮದುವೆ ಆಗಿಹೋಗಿತ್ತು. ಗೋಡೆಯ ಮೇಲೆ ಮದುವೆಯ ಫೋಟೋ ಇತ್ತು. ಅದರಲ್ಲಿ ವಧುವಿನ ಪಕ್ಕ, ಸುಡುವ ಏಪ್ರಿಲ್ ಬಿಸಿಲಿನಲ್ಲಿ, ಕೆಂಚಮ್ಮ ದಪ್ಪ ಉಣ್ಣೆಯ ಶಾಲು ಹೊದ್ದು ನಿಂತಿದ್ದಳು.

ವಿರೂಪಾಕ್ಷ ಫೋಟೋದಿಂದ ಕಣ್ಣು ಕಿತ್ತು, "ಅಮ್ಮಾ, ಅವತ್ತು ಸಭೆಯಲ್ಲಿ..." ಎಂದು ಶುರುಮಾಡಿದ. ಮುಂದಿನದನ್ನು ಹೇಳದೆ ತಟ್ಟೆಯ ಮಂಡಕ್ಕಿಯನ್ನು ಬೆರಳಿನಿಂದ ಕೆದಕಿದ.

ಅವನ ಮುಖ ಕೆಂಪೇರುವುದನ್ನು ಆಕೆ ನೋಡಿದಳು. ಬಂದ ಅತಿಥಿ ತನ್ನ ಮನೆಯಲ್ಲಿ ತಲೆ ತಗ್ಗಿಸುವುದು ಆಕೆಗೆ ಹಿಡಿಸಲಿಲ್ಲ.

"ಬಿಡ್ರಿ ಸಾರ್. ಅವತ್ತು ನಾನೂ ನಕ್ಕೆನಲ್ಲ. ಮಂಡಕ್ಕಿ ಮೆತ್ತಗಾಗ್ತಾವೆ, ತಿನ್ರಿ" ಎಂದಳು.

ವಿರೂಪಾಕ್ಷನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೇಳಬೇಕಾದ್ದನ್ನು ಹೇಳುವ ಪ್ರಮೇಯ ತಪ್ಪಿತಲ್ಲ ಎಂದುಕೊಂಡ. ಮಂಡಕ್ಕಿ ತಿಂದ. ಆ್ಯಪಿನಲ್ಲಿ ಈಗ ರವಿಕೆಯ ಬೆನ್ನೂ ಕಾಣುತ್ತದೆ, ನೋಡಿದಿರಾ ಎಂದು ಕೇಳಿದ.

"ಫೋನಿನಲ್ಲಿ ಜಾಗ ಇರಲಿಲ್ಲ ಸಾರ್. ತೆಗೆದುಬಿಟ್ಟೆ" ಎಂದಳು ಕೆಂಚಮ್ಮ.

ಅವನು ತನ್ನ ಫೋನಿನಲ್ಲೇ ತೋರಿಸಿದ. ಒಂದಾದ ಮೇಲೊಂದು ಹತ್ತು ರವಿಕೆ ತೋರಿಸಿದ. ಒಳ್ಳೇದಾತು, ನಾಲ್ಕು ಮಂದಿಗೆ ಅನುಕೂಲಾಗ್ತೈತಿ ಎಂದು ಆಕೆ ಹೇಳಿದಳು. ಬೀದಿಯ ತಿರುವಿನವರೆಗೂ ಬಂದು ಕಳಿಸಿಕೊಟ್ಟಳು.

ಬರುವಾಗ ಅವನು ಹಗುರಾಗಿದ್ದ. ಆ ಹಗುರ ಮೂರು ದಿನವೂ ಉಳಿಯಲಿಲ್ಲ. ಮಂಡಕ್ಕಿ ಭಟ್ಟಿಗಳ ಬೀದಿ ಅವನು ಕಚೇರಿಗೆ ಹೋಗುವ ದಾರಿಯಲ್ಲಿತ್ತು. ಅದನ್ನು ಬಿಟ್ಟು, ಊರು ಸುತ್ತಿ ಬೇರೆ ದಾರಿಯಲ್ಲಿ ಹೋಗತೊಡಗಿದ. ಈಗಲೂ ಹಾಗೆಯೇ ಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.



"ಆಕೆ ಕ್ಷಮಿಸಿಬಿಟ್ಟಳಲ್ಲ, ಗುರುಗಳೇ. ಮತ್ತೇಕೆ ಅವನಿಗೆ ನಾಚಿಕೆ?" ಎಂದ ಶಿಷ್ಯ.

"ಅವನು ಕೇಳಲೇ ಇಲ್ಲವಲ್ಲ" ಎಂದರು ಗುರುಗಳು.