ದಾನಪ್ಪನವರ ಕೈ ಎತ್ತಿದವರು

ನಮ್ಮ ಗಣಿ ಊರಿನ ಬಾಕ್ಸಿಂಗ್ ಕ್ಲಬ್ಬಿಗೆ ಇಬ್ಬರು ಚಾಂಪಿಯನ್ನರು. ಒಬ್ಬರು ತೀರಿಕೊಂಡ ದಾನಪ್ಪ. ಇನ್ನೊಬ್ಬರು ಅವರ ಎದುರಾಳಿ ಖಾದರ್ ಸಾಹೇಬರು. ಸಾಹೇಬರು ಈಗಲೂ ದಿನಾ ಬಂದು ಮಕ್ಕಳ ಕೈಗೆ ಪಟ್ಟಿ ಸುತ್ತುತ್ತಾರೆ.

ಹೊಸ ಅಧ್ಯಕ್ಷರು ದಾನಪ್ಪನವರ ತಮ್ಮನ ಮಗ. ಅವರು ಜವಾನನನ್ನು ಕರೆದರು.

"ಗೋಡೆಗೆ ಒಂದೇ ಫೋಟೋ. ಇಬ್ಬರಲ್ಲಿ ಯಾರು ದೊಡ್ಡವರೋ ಅವರದ್ದು. ತಪ್ಪಿದರೆ ನಾಳೆಯಿಂದ ಬರಬೇಡ."

ಜವಾನ ದಾನಪ್ಪನವರು ಗೆದ್ದ ದಿನದ ಫೋಟೋ ತಂದ. ಅದರಲ್ಲಿ ಸೋತ ಖಾದರ್ ಸಾಹೇಬರೇ ಗೆದ್ದವರ ಕೈಯನ್ನು ಮೇಲೆತ್ತಿ ಹಿಡಿದಿದ್ದರು.

"ಲೋ, ಈ ಸಾಹೇಬರನ್ನು ಕತ್ತರಿಸಿ ತೆಗಿಯೋ!"

"ತೆಗೀತೀನಿ ಸ್ವಾಮಿ. ಆದರೆ ನಿಮ್ಮ ದೊಡ್ಡಪ್ಪನ ಮಣಿಕಟ್ಟು ಹಿಡಿದಿರೋ ಬೆರಳು ಉಳಿಯುತ್ತಲ್ಲ? ಯಾರದ್ದು ಅಂತ ಜನ ಕೇಳ್ತಾರೆ."

"ಬೆರಳೂ ತೆಗಿ."

"ಜೊತೆಗೆ ದೊಡ್ಡಪ್ಪನ ಕೈಯೂ ಹೋಗುತ್ತೆ ಸ್ವಾಮಿ. ಅವತ್ತು ಕೊನೇ ಸುತ್ತಲ್ಲಿ ಅವರ ಭುಜ ಉಳುಕಿತ್ತು. ರೆಫರಿ ಕೈ ಎತ್ತೋಕೆ ಬಂದಾಗ, 'ತಡೀರಿ, ಅವನಿಗೆ ನೋವಾಗುತ್ತೆ' ಅಂತ ಸಾಹೇಬರೇ ಮೆಲ್ಲಗೆ ಎತ್ತಿದರು. ದೊಡ್ಡಪ್ಪನೇ ಎಲ್ಲರಿಗೂ ಹೇಳ್ತಿದ್ದರು."

ಅಧ್ಯಕ್ಷರು ಫೋಟೋವನ್ನು ತಾವೇ ಗೋಡೆಗೆ ಹಿಡಿದು ನೋಡಿದರು.

"ಮೊಳೆ ಗಟ್ಟಿಯಾಗಿ ಹೊಡಿ," ಎಂದರು. "ಇಬ್ಬರ ಭಾರ ಹೊರಬೇಕು."